ಟವರ್ ಸಿಗದ ಕೊಡಗಿನಲ್ಲಿ ಆಫ್‌ಲೈನ್ ನಕ್ಷೆ: ದೀರ್ಘಕಾಲದ ಬಳಕೆಯ ಅನುಭವ

ವಿರಾಜಪೇಟೆಯಲ್ಲಿದ್ದುಕೊಂಡು ಕಾಫಿ ತೋಟಗಳ ಪಂಪ್‌ಸೆಟ್ ಮತ್ತು ಸ್ಪ್ರಿಂಕ್ಲರ್ ದುರಸ್ತಿ ಮಾಡುವುದು ನನ್ನ ಕಸುಬು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ತಡವಾದರೆ ರೊಬಸ್ಟಾ ಕಾಫಿ ತೋಟಗಳಿಗೆ ನೀರು ಹಾಯಿಸಲೇಬೇಕಾಗುವುದರಿಂದ, ಒಂದೇ ದಿನ ಬಿರುನಾಣಿಯಿಂದಲೂ ಕಕ್ಕಬ್ಬೆಯಿಂದಲೂ ಕರೆ ಬರುವುದುಂಟು. ಕರೆ ಮಾಡಿದವರು ಮನೆಯ ಹಿಂದಿನ ದಿಬ್ಬ ಹತ್ತಿ ಮಾತಾಡಿರುತ್ತಾರೆ. ನಾನು ಹೊರಟ ಮೇಲೆ ಅವರೂ ಸಿಗುವುದಿಲ್ಲ, ನನ್ನ ಫೋನಿನಲ್ಲೂ ಟವರ್ ಇರುವುದಿಲ್ಲ. ಈ ಕಾರಣಕ್ಕೆ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ಸೌಲಭ್ಯ (ಮೊದಲೇ ಇಳಿಸಿಕೊಂಡ ನಕ್ಷೆಯನ್ನು ಇಂಟರ್‌ನೆಟ್ ಇಲ್ಲದೆ ನೋಡುವುದು) ಮತ್ತು ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆ್ಯಪ್ ಎರಡನ್ನೂ ವರ್ಷಗಳಿಂದ ಬಳಸುತ್ತಿದ್ದೇನೆ. ಬಳಸಿದ ಮೇಲೆ ಉಳಿದಿರುವ ಅಭಿಪ್ರಾಯ ಇಷ್ಟು: ನಾವು ಎಲ್ಲಿದ್ದೇವೆ ಎಂದು ಆಫ್‌ಲೈನ್ ನಕ್ಷೆ ಹೇಳಿದರೆ ನಂಬಬಹುದು, ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳಿದರೆ ಇನ್ನೊಬ್ಬರನ್ನು ಕೇಳಬೇಕು.

ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೂಡ ನಿಂತುಹೋಗುತ್ತದೆ ಎಂದು ಭಾವಿಸಿರುವ ಗಿರಾಕಿಗಳು ಇಂದಿಗೂ ಸಿಗುತ್ತಾರೆ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕಳಿಸುವ ಸಂಕೇತವನ್ನು ಫೋನು ಸ್ವೀಕರಿಸುತ್ತದೆಯೇ ಹೊರತು ತಾನಾಗಿ ಏನನ್ನೂ ಕಳಿಸುವುದಿಲ್ಲವಾದ್ದರಿಂದ, ಅದಕ್ಕೆ ಸಿಮ್ಮೂ ಬೇಡ, ಡೇಟಾವೂ ಬೇಡ. ಇಂಟರ್‌ನೆಟ್ ಇದ್ದಾಗ ಯಾವ ಉಪಗ್ರಹ ಎಲ್ಲಿದೆಯೆಂಬ ಮಾಹಿತಿಯನ್ನು ಫೋನು ಬೇಗನೆ ತರಿಸಿಕೊಳ್ಳುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೆ ಅದೇ ಮಾಹಿತಿಯನ್ನು ಉಪಗ್ರಹದ ನಿಧಾನವಾದ ಸಂಕೇತದಿಂದಲೇ ಕೂಡಿಸಿಕೊಳ್ಳಬೇಕಾಗಿ ಬರುವುದರಿಂದ, ನಾವಿರುವ ಜಾಗ ತೋರಿಸುವ ನೀಲಿ ಚುಕ್ಕೆ ಮೊದಲ ಸಲ ಮೂಡಲು ಒಂದೆರಡು ನಿಮಿಷ, ಮರಗಳ ಕೆಳಗಾದರೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದ ಪೇಟೆ ಬಿಡುವ ಮೊದಲೇ ನಕ್ಷೆ ತೆರೆದು ಚುಕ್ಕೆ ಬಂದಿರುವುದನ್ನು ನೋಡಿಕೊಂಡು ಹೊರಡುವುದು ಒಳ್ಳೆಯದು. ಸಿಗ್ನಲ್ ಪೂರ್ತಿ ಹೋದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುತ್ತೇನೆ. ಇಲ್ಲದ ಟವರ್ ಹುಡುಕುತ್ತಾ ಬ್ಯಾಟರಿ ಖಾಲಿಯಾಗುವುದು ತಪ್ಪುತ್ತದೆ, ಚುಕ್ಕೆ ಮಾತ್ರ ಎಂದಿನಂತೆ ಚಲಿಸುತ್ತಿರುತ್ತದೆ.

ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ದಟ್ಟ ನೆರಳಿರುವ ತೋಟದೊಳಗೆ ನಿಂತು ನೋಡಿದರೆ ಚುಕ್ಕೆ ಎಷ್ಟು ಆಚೀಚೆ ಇರಬಹುದೆಂದು ತೋರಿಸುವ ಸುತ್ತಲಿನ ತಿಳಿನೀಲಿ ವೃತ್ತ ಹಿಗ್ಗುತ್ತದೆ. ನಿಂತಲ್ಲೇ ನಿಂತಿದ್ದರೂ ಚುಕ್ಕೆ ಪಕ್ಕದ ಪಟ್ಟಿಗೆ ಹಾರಿ ಮತ್ತೆ ಮರಳುತ್ತದೆ. ಕೆರೆಯ ಏರಿಯಂಥ ಬಯಲಿಗೆ ಬಂದರೆ ವೃತ್ತ ಕುಗ್ಗಿ ಸರಿಹೋಗುತ್ತದೆ. ಎರಡು ತೋಟದ ರಸ್ತೆಗಳು ಹತ್ತಿರ ಹತ್ತಿರ ಕವಲೊಡೆಯುವ ಕಡೆ ಈ ವೃತ್ತದ ಗಾತ್ರವನ್ನು ಗಮನಿಸದೆ ತಿರುವು ತೆಗೆದುಕೊಳ್ಳಬಾರದು.

ಇನ್ನು ದಾರಿಯ ವಿಚಾರ. ಹುದಿಕೇರಿ ಕಡೆ ಒಮ್ಮೆ ಫೋನಿನ ನಕ್ಷೆ ಸೂಚಿಸಿದ ಹತ್ತಿರದ ರಸ್ತೆ ನೇರವಾಗಿ ಒಂದು ತೋಟದ ಕಬ್ಬಿಣದ ಗೇಟಿಗೆ ಹೋಗಿ ನಿಂತಿತು. ಗೇಟಿಗೆ ಬೀಗ, ಆಚೆ ಬದಿಯಲ್ಲಿ ಎರಡು ನಾಯಿ. ಕಾರ್ಮಿಕರ ಲೈನ್‌ಮನೆಯಿಂದ ಬಂದ ಮೇಸ್ತ್ರಿಯವರು, “ಇಲ್ಲಿ ಸಾಹುಕಾರರ ಜೀಪು ಮಾತ್ರ ಹೋಗೋದು ಸಾರ್. ನೀವು ವಾಪಸ್ ಹೋಗಿ ಗೋಣಿಮರದ ಹತ್ರ ಎಡಕ್ಕೆ ತಿರುಗಿ” ಎಂದರು. ಆ ಗೋಣಿಮರ ಯಾವ ನಕ್ಷೆಯಲ್ಲೂ ಇಲ್ಲ. ಉಪಗ್ರಹ ಚಿತ್ರದಲ್ಲಿ ಪಂಚಾಯಿತಿ ರಸ್ತೆಯೂ ತೋಟದ ಸ್ವಂತ ರಸ್ತೆಯೂ ಒಂದೇ ಬಗೆಯ ಗೆರೆಯಾಗಿ ಕಾಣುತ್ತವೆ, ಎಷ್ಟೋ ಕಡೆ ಮರಗಳ ನೆರಳಿನಲ್ಲಿ ಕಾಣುವುದೇ ಇಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್‌ಗೆ ಆಧಾರವಾಗಿರುವ ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಆರಂಭವಾದ ಯೋಜನೆ. ಅದರಲ್ಲಿ ಸ್ವಯಂಸೇವಕರು ಗೆರೆ ಎಳೆಯುತ್ತಾರೆ, ರಸ್ತೆ ಖಾಸಗಿಯೆಂದು ಗುರುತು ಹಾಕಲು ಅವಕಾಶವೂ ಇದೆ. ಯಾರಾದರೂ ಆ ಗುರುತು ಹಾಕಿದ್ದರೆ ದಾರಿ ಲೆಕ್ಕ ಹಾಕುವಾಗ ಆ್ಯಪ್ ಅದನ್ನು ಬಿಟ್ಟು ಸುತ್ತಿಬರುವ ದಾರಿ ಹುಡುಕುತ್ತದೆ. ಹಾಕದಿದ್ದರೆ ತೋಟದ ರಸ್ತೆಯೂ ಅದಕ್ಕೆ ಊರ ರಸ್ತೆಯೇ.

ಕಾಲದ ಸಮಸ್ಯೆ ಇದಕ್ಕಿಂತ ಗಂಭೀರ. ಡೌನ್‌ಲೋಡ್ ಮಾಡಿದ ನಕ್ಷೆ ಆ ದಿನದ ಪ್ರಪಂಚವನ್ನು ಮಾತ್ರ ಬಲ್ಲದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಬಂದ್ ಆದಾಗ, ಅದಕ್ಕೆ ಹಿಂದಿನ ತಿಂಗಳು ನಕ್ಷೆ ಇಳಿಸಿಕೊಂಡವರ ಫೋನಿನಲ್ಲಿ ಆ ರಸ್ತೆ ಎಂದಿನಂತೆಯೇ ತೆರೆದಿರುತ್ತಿತ್ತು. ಭಾಗಮಂಡಲದಲ್ಲಿ ಸಂಗಮದ ನೀರು ಏರಿ ನಾಪೋಕ್ಲು ಕಡೆಯ ರಸ್ತೆ ಮುಳುಗುವುದು ಮಳೆಗಾಲದ ಮಾಮೂಲಿ ಸುದ್ದಿ. ಆಫ್‌ಲೈನ್ ನಕ್ಷೆಗೆ ಅದು ತಲುಪುವುದಿಲ್ಲ. ಕುಟ್ಟದಿಂದ ನಾಗರಹೊಳೆ ಕಾಡಿನೊಳಗಿನ ರಸ್ತೆಯ ಗೇಟು ರಾತ್ರಿ ಮುಚ್ಚಿರುತ್ತದೆ, ನಕ್ಷೆಯಲ್ಲಿ ಮಾತ್ರ ಆ ಗೆರೆ ಹಗಲೂ ರಾತ್ರಿಯೂ ಒಂದೇ ಬಣ್ಣದಲ್ಲಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹೊರಡುವ ಮೊದಲು ಆ ಕಡೆಯ ಬಸ್ಸಿನ ಕಂಡಕ್ಟರ್ ಒಬ್ಬರನ್ನಾದರೂ ಕೇಳುತ್ತೇನೆ. ಪ್ರಯಾಣದ ಅವಧಿಯ ಅಂದಾಜನ್ನಂತೂ ಮಾಕುಟ್ಟ ಘಾಟಿಯಲ್ಲಾಗಲಿ ಕರಿಕೆ ರಸ್ತೆಯಲ್ಲಾಗಲಿ ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಎರಡು ಆ್ಯಪ್‌ಗಳ ನಡುವಿನ ವ್ಯತ್ಯಾಸ ಕೇರಳದ ಗಡಿಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಗೂಗಲ್‌ನಲ್ಲಿ ನಾವೇ ಒಂದು ಚೌಕವನ್ನು ಹಿಗ್ಗಿಸಿ ಕುಗ್ಗಿಸಿ ಆರಿಸುವುದರಿಂದ ಅದರೊಳಗೆ ಗಡಿಯಾಚೆಯ ಇರಿಟ್ಟಿಯೂ ಮಾನಂದವಾಡಿಯೂ ಸೇರಬಹುದು. ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಕೇರಳದ ನಕ್ಷೆಯನ್ನು ಬೇರೆಯಾಗಿ ಇಳಿಸಿಕೊಳ್ಳದಿದ್ದರೆ ಮಾಕುಟ್ಟ ದಾಟಿದ ಕೂಡಲೇ ಸಣ್ಣ ರಸ್ತೆಗಳೆಲ್ಲ ಮಾಯವಾಗುತ್ತವೆ. ಗೂಗಲ್‌ನ ಆಫ್‌ಲೈನ್ ನಕ್ಷೆ ವಾಹನದ ದಾರಿಯನ್ನು ಮಾತ್ರ ಹೇಳುತ್ತದೆ. ನಡಿಗೆಯ ದಾರಿ, ಟ್ರಾಫಿಕ್, ಬದಲಿ ಮಾರ್ಗ ಯಾವುದೂ ಇರುವುದಿಲ್ಲ. ಇಳಿಸಿಕೊಂಡ ಭಾಗವನ್ನು ಆಗಾಗ ನವೀಕರಿಸದಿದ್ದರೆ ಅವಧಿ ಮುಗಿದು ಅದು ಅಳಿಸಿಯೂ ಹೋಗುತ್ತದೆ. ಅಂಗಡಿ, ಪೆಟ್ರೋಲ್ ಬಂಕ್, ಹೋಂಸ್ಟೇಗಳ ಹೆಸರು ಹುಡುಕಲು ಮಾತ್ರ ಗೂಗಲ್ ಮುಂದಿದೆ. ಕಾಲುದಾರಿಗೆ ಮತ್ತು ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಎತ್ತರದ ಗೆರೆಗಳಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಉತ್ತಮ. ಸಮುದ್ರಮಟ್ಟದಿಂದ 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಏರು ಎಲ್ಲಿ ಕಡಿದಾಗುತ್ತದೆಂದು ಆ ಗೆರೆಗಳನ್ನು ನೋಡಿಯೇ ಊಹಿಸಬಹುದು. ಜಾಹೀರಾತೂ ಇಲ್ಲ.

ಆದರೆ ನನ್ನ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ನಾನೇ ಹಾಕಿಕೊಂಡ ಗುರುತುಗಳು. ಕೊಡಗಿನಲ್ಲಿ ಮನೆಗಳು ಬೀದಿಯ ಉದ್ದಕ್ಕೆ ಸಾಲಾಗಿರುವುದು ಕಡಿಮೆ. ಒಂದೊಂದು ಮನೆಯೂ ತನ್ನ ಗದ್ದೆ ತೋಟದ ನಡುವೆ ಇರುವುದರಿಂದ ವಿಳಾಸ ಹಾಕಿ ಹುಡುಕಿದರೆ ಫಲವಿಲ್ಲ. ಹೋದ ಪ್ರತಿ ತೋಟದಲ್ಲೂ ಗೇಟಿಗೆ ಒಂದು, ಪಂಪ್‌ಹೌಸಿಗೆ ಒಂದು ಗುರುತು ಹಾಕಿ, ಪಂಪಿನ ಎಚ್‌ಪಿ ಎಷ್ಟೆಂಬುದನ್ನೂ ಅಲ್ಲೇ ಬರೆದಿಡುತ್ತೇನೆ. ಹೊಸ ಗಿರಾಕಿಗಳಾದರೆ ಅಕ್ಷಾಂಶ ರೇಖಾಂಶಗಳನ್ನು ಎಸ್‌ಎಂಎಸ್ ಮಾಡಲು ಹೇಳುತ್ತೇನೆ. ವಾಟ್ಸ್‌ಆ್ಯಪ್ ಲೊಕೇಷನ್ ಹೋಗದ ಕಡೆಯಿಂದಲೂ ಒಂದು ಕಡ್ಡಿ ಸಿಗ್ನಲ್ ಇದ್ದರೆ ಎಸ್‌ಎಂಎಸ್ ತಲುಪುತ್ತದೆ. ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಜಾಗ ಸುಮಾರು 11 ಮೀಟರ್ ಆಚೀಚೆ ಗೊತ್ತಾಗುತ್ತದೆ, ಪಂಪ್‌ಹೌಸ್ ಹುಡುಕಲು ಅಷ್ಟು ಸಾಕು. ಈ ಗುರುತುಗಳ ಒಂದು ನಕಲನ್ನು ಫೋನಿನಿಂದ ಹೊರತೆಗೆದು ಬೇರೆ ಕಡೆ ಇಟ್ಟುಕೊಳ್ಳಿ. ನಮ್ಮ ಜೂನ್ ಮಳೆಯಲ್ಲಿ ಫೋನು ಕೆಡುವುದು ಅಪರೂಪವೇನಲ್ಲ.

ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನ ಮೇಲೆ ಮಳೆ ಹನಿ ಬಿದ್ದರೆ ಪರದೆ ಅದನ್ನೂ ಬೆರಳೆಂದು ತಿಳಿದು ನಕ್ಷೆಯನ್ನು ಎಲ್ಲೆಲ್ಲಿಗೋ ಎಳೆದಾಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಫೋನು ಜರ್ಕಿನ್ನಿನ ಒಳಜೇಬಿನಲ್ಲಿರುತ್ತದೆ, ಕವಲು ಬಂದಾಗ ಬೈಕ್ ನಿಲ್ಲಿಸಿ ನೋಡುತ್ತೇನೆ.

ಇತ್ತೀಚೆಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು ಬಿರುನಾಣಿ, ಶ್ರೀಮಂಗಲ ಕಡೆಯ ರಸ್ತೆಗಳನ್ನು ನಾನೇ ತಿದ್ದಲು ಆರಂಭಿಸಿದ್ದೇನೆ. ಊರ ರಸ್ತೆಗಳನ್ನು ಸೇರಿಸಲು ಯಾರ ಅಭ್ಯಂತರವೂ ಇಲ್ಲ. ತೋಟದ ರಸ್ತೆಗಳ ವಿಷಯದಲ್ಲಿ ಮಾತ್ರ ಮಾಲೀಕರನ್ನು ಕೇಳುತ್ತೇನೆ. ಪ್ರವಾಸಿಗರ ಕಾರುಗಳು ಒಳಗೆ ನುಗ್ಗುತ್ತವೆಂಬ ಅವರ ಆತಂಕ ನ್ಯಾಯವಾದದ್ದು. ಬೇಡವೆಂದವರ ರಸ್ತೆಯನ್ನು ಬಿಟ್ಟುಬಿಡುತ್ತೇನೆ. ಒಪ್ಪಿದವರ ರಸ್ತೆಗೆ ಖಾಸಗಿ ಎಂಬ ಗುರುತು ಹಾಕಿ, ಗೇಟು ಎಲ್ಲಿದೆಯೆಂಬುದನ್ನೂ ತೋರಿಸುತ್ತೇನೆ. ಹುದಿಕೇರಿಯ ಆ ರಸ್ತೆಗೆ ಈಗ ನಕ್ಷೆಯಲ್ಲೂ ಗೇಟು ಬಂದಿದೆ, ಮುಂದಿನ ಬಾರಿ ನಕ್ಷೆ ನವೀಕರಿಸಿಕೊಂಡವರಿಗೆ ಕಾಣುತ್ತದೆ.