ಸೈಬರ್‌ಶೆಫ್: ಬಿಡಿಸುವ ಮೊದಲು ಗುರುತಿಸೋದನ್ನು ಕಲಿಸಿತು

ಮಾಕ್ ಟೆಸ್ಟ್‌ನಲ್ಲಿ ಒಂದು ಪ್ರಶ್ನೆ ಬಂತು. ಅಕ್ಷರ, ಅಂಕಿ ಎಲ್ಲ ಕಲಸಿಹೋದ ಉದ್ದನೆಯ ಒಂದು ಸಾಲು. ಇದು ಯಾವ ರೂಪದಲ್ಲಿದೆ ಅಂತ ಹೇಳಬೇಕಿತ್ತು. ಕೊನೆಯಲ್ಲಿ = ಗುರುತು ಇರಲಿಲ್ಲ. ಹಾಗಾದರೆ ಬೇಸ್64 (ಯಾವುದೇ ಮಾಹಿತಿಯನ್ನು ಅಕ್ಷರ, ಅಂಕಿಗಳ ಸಾಲಾಗಿ ಬರೆಯುವ ಒಂದು ರೀತಿ) ಅಲ್ಲ ಅಂದುಕೊಂಡು ಬೇರೆ ಉತ್ತರ ಒತ್ತಿದೆ. ತಪ್ಪಾಯಿತು.

ಅಷ್ಟು ಹೊತ್ತಿಗೆ ಕಾಂಪ್‌ಟಿಯಾ ಸಂಸ್ಥೆಯ ಸೈಸಾ ಪ್ಲಸ್ ಎಂಬ ಸೈಬರ್ ಭದ್ರತಾ ಪರೀಕ್ಷೆಗೆ ಎರಡು ತಿಂಗಳು ಓದಿದ್ದೆ. ಸೇರಿದ್ದ ಕೋಚಿಂಗ್ ಕ್ಲಾಸ್‌ನವರು ಕೊಟ್ಟ ನೋಟ್ಸ್‌ನಲ್ಲಿ ಇದರ ಬಗ್ಗೆ ಇದ್ದದ್ದು ಒಂದೇ ಸಾಲು: ಕೊನೆಗೆ = ಇದ್ದರೆ ಬೇಸ್64. ಅದನ್ನೇ ಬಾಯಿಪಾಠ ಮಾಡಿದ್ದೆ. ಈ ಪರೀಕ್ಷೆಯಲ್ಲಿ ಹೆಚ್ಚೆಂದರೆ 85 ಪ್ರಶ್ನೆ, ಸಮಯ 165 ನಿಮಿಷ. ಒಂದು ಪ್ರಶ್ನೆಗೆ ಎರಡು ನಿಮಿಷವೂ ಪೂರ್ತಿ ಸಿಗಲ್ಲ. ಒಂದು ತುಣುಕು ಕಂಡ ಕೂಡಲೇ ಇದು ಇಂಥದ್ದು ಅಂತ ಕಣ್ಣಿಗೆ ಹೊಳೆಯಬೇಕು. ಪಟ್ಟಿ ಓದಿದರೆ ಅದು ಬರಲ್ಲ ಅಂತ ಅವತ್ತು ಅರ್ಥವಾಯಿತು.

ಆಮೇಲೆ ಸೈಬರ್‌ಶೆಫ್ ಹಿಡಿದೆ. ನಾಲ್ಕು ತಿಂಗಳು ಹೆಚ್ಚುಕಮ್ಮಿ ದಿನಾ ಬಳಸಿದ್ದೇನೆ. ಇದು ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂ 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ, ಮಾಹಿತಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಸಾಧನ. ದುಡ್ಡು ಬೇಡ, ಲಾಗಿನ್ ಬೇಡ, ಬ್ರೌಸರ್ ಇದ್ದರೆ ಸಾಕು. ಎಡಗಡೆ ಆಪರೇಷನ್‌ಗಳ ಪಟ್ಟಿ ಇರುತ್ತದೆ. ಬೇಕಾದ್ದನ್ನು ನಡುವಿನ ರೆಸಿಪಿ ಜಾಗಕ್ಕೆ ಎಳೆದು ಹಾಕಬೇಕು. ಬಲಗಡೆ ಮೇಲೆ ಇನ್‌ಪುಟ್, ಕೆಳಗೆ ಔಟ್‌ಪುಟ್. ಒಗ್ಗರಣೆಗೆ ಸಾಸಿವೆ, ಕರಿಬೇವು ಒಂದಾದ ಮೇಲೆ ಒಂದು ಹಾಕಿದ ಹಾಗೆ, ಇಲ್ಲೂ ಮೊದಲು ಯಾವುದು, ಆಮೇಲೆ ಯಾವುದು ಅನ್ನೋದು ಮುಖ್ಯ.

ಎಲ್ಲರೂ ಇದನ್ನು ಡಿಕೋಡ್ ಮಾಡೋಕೆ, ಅಂದರೆ ಗೊಜಲನ್ನು ಬಿಡಿಸಿ ಓದೋಕೆ ಬಳಸುತ್ತಾರೆ. ನಾನು ಉಲ್ಟಾ ಬಳಸಿದೆ. ನನಗೆ ಗೊತ್ತಿರುವ ಪದ ಹಾಕಿ, ಅದು ಬೇರೆ ಬೇರೆ ರೂಪದಲ್ಲಿ ಹೇಗೆ ಕಾಣುತ್ತದೆ ಅಂತ ನೋಡುತ್ತಾ ಕೂತೆ. ಮೊದಲು ಹಾಕಿದ್ದು "ಅಮ್ಮ".

ಯುಆರ್‌ಎಲ್ ಎನ್‌ಕೋಡ್ ಮಾಡಿದರೆ ಶೇಕಡಾ ಗುರುತು, ಇ0, ಮತ್ತೆ ಶೇಕಡಾ, ಬಿ2 ಅಂತ ಶುರುವಾಯಿತು. ಕನ್ನಡ ವಿಕಿಪೀಡಿಯದ ಲಿಂಕ್ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗ ಉದ್ದನೆಯ ಗೊಜಲು ಬರುತ್ತದಲ್ವಾ, ಅದೇ ಇದು. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ರೂಪದಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3.

ಅದೇ "ಅಮ್ಮ"ವನ್ನು ಬೇಸ್64 ಮಾಡಿದೆ. ಹದಿನಾರು ಅಕ್ಷರ ಬಂತು. ನಾಲ್ಕು ನಾಲ್ಕಾಗಿ ಬಿಡಿಸಿ ನೋಡಿದರೆ ಪ್ರತಿ ಗುಂಪೂ 4, ಎಲ್, ಕೆ ಅಂತಲೇ ಶುರು. ಎರಡು ಮ ನಡುವಿನ ಒತ್ತು ಕೊಡುವ ಚಿಹ್ನೆಗೆ ಮಾತ್ರ ಕೆ ಬದಲು ಓ. ಕಾರಣ ಸರಳ. ಬೇಸ್64 ಮೂರು ಬೈಟ್ ತೆಗೆದುಕೊಂಡು ನಾಲ್ಕು ಅಕ್ಷರ ಮಾಡುತ್ತದೆ. ಕನ್ನಡಕ್ಕೆ ಮೂರು ಬೈಟ್ ಸರಿಯಾಗಿ ಹೊಂದುತ್ತದೆ, ಏನೂ ಉಳಿಯಲ್ಲ. ಉಳಿಯದಿದ್ದರೆ ಕೊನೆಯಲ್ಲಿ = ಹಾಕುವ ಅಗತ್ಯವೂ ಇಲ್ಲ. ನನ್ನ ಮಾಕ್ ಟೆಸ್ಟ್‌ನ ತಪ್ಪು ನನ್ನದೇ ಭಾಷೆಯ ಪದದಲ್ಲಿ ಕಣ್ಣೆದುರು ಕೂತಿತ್ತು. ಆ ರಾತ್ರಿ ನಿಜವಾಗಿಯೂ ಖುಷಿಯಾಯಿತು.

ಹೀಗೆ ಒಂದೊಂದೇ ಗುರುತು ಕಣ್ಣಿಗೆ ಹತ್ತಿತು. ಬೇಸ್64 ಸಾಲು ಚಿಕ್ಕ ಇ, ಚಿಕ್ಕ ವೈ, ದೊಡ್ಡ ಜೆ ಅಂತ ಶುರುವಾದರೆ ಒಳಗೆ ಜೇಸನ್ (ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಒಂದು ಪಠ್ಯರೂಪ) ಇರೋ ಸಾಧ್ಯತೆ ಜಾಸ್ತಿ. ಯಾಕೆಂದರೆ { ಮತ್ತು " ಸೇರಿ ಹಾಗಾಗುತ್ತವೆ. ಲಾಗಿನ್ ಟೋಕನ್‌ಗಳಲ್ಲಿ ಇದನ್ನು ಪದೇ ಪದೇ ಕಾಣಬಹುದು. ವಿಂಡೋಸ್‌ಗೆ ಕಮಾಂಡ್ ಕೊಡುವ ಪವರ್‌ಶೆಲ್‌ನ ಎನ್‌ಕೋಡ್ ಮಾಡಿದ ಕಮಾಂಡ್ ಆದರೆ ಸಾಲಿನ ಉದ್ದಕ್ಕೂ ದೊಡ್ಡ ಎ ಕಾಣುತ್ತದೆ. ಅದು ಯುಟಿಎಫ್-16, ಅಕ್ಷರ ಇಡುವ ಇನ್ನೊಂದು ಪದ್ಧತಿ. ಇಂಗ್ಲಿಷಿನ ಪ್ರತಿ ಅಕ್ಷರದ ಪಕ್ಕ ಒಂದು ಸೊನ್ನೆ ಬೈಟ್ ಇರುತ್ತದೆ, ಆ ಸೊನ್ನೆಗಳಿಂದಲೇ ಈ ಎ ಬರೋದು. ಸುಮ್ನೆ ಬೇಸ್64 ಬಿಡಿಸಿದರೆ ಅಕ್ಷರಗಳ ನಡುವೆ ಚುಕ್ಕೆಯೋ ಖಾಲಿಯೋ ಉಳಿಯುತ್ತದೆ. ಅದರ ಕೆಳಗೆ ಡಿಕೋಡ್ ಟೆಕ್ಸ್ಟ್ ಇಟ್ಟು ಯುಟಿಎಫ್-16 ಎಲ್‌ಇ ಆರಿಸಿದರೆ ಶುದ್ಧವಾಗಿ ಓದಬಹುದು.

ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿ ತೆಗೆಯುವ ನಿಗದಿತ ಉದ್ದದ ಗುರುತು) ವಿಷಯದಲ್ಲಿ ನನ್ನ ತಿಳುವಳಿಕೆಯೇ ತಪ್ಪಿತ್ತು. 32 ಹೆಕ್ಸ್ (0ಯಿಂದ 9, ಎಯಿಂದ ಎಫ್) ಅಕ್ಷರದ ಒಂದು ಸಾಲನ್ನು ಹೆಕ್ಸ್‌ನಿಂದ ಬಿಡಿಸೋಕೆ ಅರ್ಧ ಗಂಟೆ ಒದ್ದಾಡಿದ್ದೆ. ಕಸವೇ ಬರುತ್ತಿತ್ತು. ಅದು ಎಂಡಿ5 ಅನ್ನೋ ಹ್ಯಾಶ್. ಹ್ಯಾಶ್‌ನಿಂದ ಮೂಲ ಪಠ್ಯ ವಾಪಸ್ ಬರಲ್ಲ. ಆಮೇಲೆ ಒಂದೇ ಪದವನ್ನು ಮೂರು ಥರ ಹ್ಯಾಶ್ ಮಾಡಿ ಉದ್ದ ಎಣಿಸಿದೆ. ಎಂಡಿ5 ಆದರೆ 32, ಶಾ-1 ಆದರೆ 40, ಶಾ-256 ಆದರೆ 64. ಕೈಯಾರೆ ಎಣಿಸಿದ್ದು ಮರೆಯಲಿಲ್ಲ.

ಇದರಲ್ಲಿ ಮ್ಯಾಜಿಕ್ ಅಂತ ಒಂದು ಆಪರೇಷನ್ ಇದೆ. ಏನು ಹಾಕಿದರೂ ಇದು ಬಹುಶಃ ಇಂಥದ್ದು ಅಂತ ಅದೇ ಊಹಿಸಿ ಬಿಡಿಸಿ ಕೊಡುತ್ತದೆ. ಕೆಲಸದಲ್ಲಿ ಬಹಳ ಉಪಯೋಗ. ಓದುವವರು ಮಾತ್ರ ಅದನ್ನು ಮುಟ್ಟಬೇಡಿ. ಪರೀಕ್ಷಾ ಕೊಠಡಿಯಲ್ಲಿ ಅದು ಇರಲ್ಲ. ನಾನು ಮೊದಲ ವಾರ ಮ್ಯಾಜಿಕ್ ಬಳಸಿ ಏನೂ ಕಲಿಯಲಿಲ್ಲ. ಆಮೇಲೆ ಮೊದಲು ನೋಟ್‌ಬುಕ್‌ನಲ್ಲಿ ನನ್ನ ಊಹೆ ಬರೆಯೋದು, ಆಮೇಲೆ ಆಪರೇಷನ್ ಎಳೆಯೋದು ಅಂತ ರೂಢಿ ಮಾಡಿಕೊಂಡೆ.

ಜೇಸನ್, ಎಕ್ಸ್‌ಎಂಎಲ್, ಯಾಮಲ್ ಎಂಬ ಮಾಹಿತಿ ಬರೆಯುವ ರೂಪಗಳನ್ನು ಬೇರೆ ಮಾಡಿ ಗುರುತಿಸೋಕೆ ಸೈಬರ್‌ಶೆಫ್‌ಗಿಂತ ಸಾಮಾನ್ಯ ಟೆಕ್ಸ್ಟ್ ಎಡಿಟರ್ ಒಳ್ಳೆಯದು. ಅಲ್ಲಿ ನೀವೇ ಟೈಪ್ ಮಾಡಬೇಕು. ಜೇಸನ್‌ನಲ್ಲಿ ಕೀಗೆ ಎರಡೆಳೆಯ ಉದ್ಧರಣ ಚಿಹ್ನೆಯೇ ಬೇಕು, ಕೊನೆಯ ಅಂಶದ ನಂತರ ಅಲ್ಪವಿರಾಮ ಬರಬಾರದು. ಟ್ರೂ ಅನ್ನೋದು ದೊಡ್ಡ ಟಿಯಿಂದ ಶುರುವಾಗಿದ್ದರೆ ಅದು ಪೈಥಾನ್, ಜೇಸನ್ ಅಲ್ಲ. ಯಾಮಲ್‌ನಲ್ಲಿ ಸಾಲು ಒಳಗೆ ಸರಿಸೋಕೆ ಸ್ಪೇಸ್ ಮಾತ್ರ, ಟ್ಯಾಬ್ ನಡೆಯಲ್ಲ. ಇವೆಲ್ಲ ಬೆರಳಿಗೆ ಬರಬೇಕು.

ಇನ್ನು ಕೊರತೆ. ಆಪರೇಷನ್‌ಗಳು ನೂರಾರು ಇವೆ, ಹೊಸಬರಿಗೆ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗಲ್ಲ. ಪಾಠದ ಕ್ರಮ ಇಲ್ಲ, ಯಾಕೆಂದರೆ ಇದನ್ನು ಪಾಠಕ್ಕೆ ಅಂತ ಮಾಡಿದ್ದಲ್ಲ. ಫೋನ್‌ನ ಚಿಕ್ಕ ಪರದೆ ಇದಕ್ಕೆ ಸಾಲದು, ಲ್ಯಾಪ್‌ಟಾಪ್ ಬೇಕು. ಮೊದಲ ವಾರಕ್ಕೆ ಬೇಸ್64, ಹೆಕ್ಸ್, ಯುಆರ್‌ಎಲ್ ಮತ್ತು ಆ ಮೂರು ಹ್ಯಾಶ್, ಇಷ್ಟೇ ಇಟ್ಟುಕೊಳ್ಳಿ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ನೀವು ಹಾಕಿದ್ದು ನಿಮ್ಮ ಬ್ರೌಸರ್‌ನಲ್ಲೇ ಉಳಿಯುತ್ತದೆ, ಯಾವ ಸರ್ವರ್‌ಗೂ ಹೋಗಲ್ಲ. ಸಿಕ್ಕಿದ ಡಿಕೋಡರ್ ಸೈಟಿಗೆಲ್ಲ ಆಫೀಸಿನ ಲಾಗ್ ಅಂಟಿಸುವವರನ್ನು ನೋಡಿ ಹೆದರಿಕೆಯಾಗಿದೆ, ಅದರೊಳಗೆ ಯಾರ ಪಾಸ್‌ವರ್ಡ್ ಇರುತ್ತೋ ಏನೋ. ಇದನ್ನು ಪೂರ್ತಿಯಾಗಿ ಡೌನ್‌ಲೋಡ್ ಕೂಡ ಮಾಡಿಕೊಳ್ಳಬಹುದು. ಜಿಪ್ ಬಿಚ್ಚಿ ಒಳಗಿನ ಪುಟ ತೆರೆದರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಪರೀಕ್ಷೆಗೆ ಮುಂಚಿನ ವಾರ ನಾನು ಸಕಲೇಶಪುರದ ಹತ್ತಿರ ನಮ್ಮಮ್ಮನ ಮನೆಯಲ್ಲಿದ್ದೆ. ಮಳೆ, ಸಿಗ್ನಲ್ ಇಲ್ಲ. ಜಗಲಿಯಲ್ಲಿ ಕೂತು ದಿನಕ್ಕೆ ಮೂವತ್ತು ತುಣುಕು ಗುರುತಿಸಿದೆ.

ಪರೀಕ್ಷೆಯಲ್ಲಿ ಏನು ಬಂತು ಅಂತ ಹೊರಗೆ ಹೇಳುವಂತಿಲ್ಲ. ಪಾಸಾಗೋಕೆ 750 ಬೇಕು, ನನಗೆ 788 ಬಂತು. ಆ ಜಿಪ್ ಈಗ ಪೆನ್‌ಡ್ರೈವ್‌ನಲ್ಲಿದೆ. ನಮ್ಮ ಶಿಫ್ಟ್‌ಗೆ ಹೊಸದಾಗಿ ಸೇರಿದ ಹುಡುಗಿಗೆ ಹೋದ ವಾರ ಕೊಟ್ಟೆ. ಮೊದಲು ನಿನ್ನ ಹೆಸರು ಹಾಕಿ ನೋಡು ಅಂದಿದ್ದೇನೆ.