ಬಸುರಿ ಹೆಂಗಸರಿಗೆ ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗ: ಚಿಕಿತ್ಸೆ ಚೆನ್ನಾಗಿದೆ, ಅಲ್ಲಿಗೆ ಕಳಿಸುವವರಿಲ್ಲ

ಕೊಪ್ಪಳ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆ. ಹೆಸರು ಬೇಡ. ಅಲ್ಲಿನ ಹಲ್ಲಿನ ವಿಭಾಗಕ್ಕೆ ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಡಾಕ್ಟರಿಗೆ ಮಾತ್ರ ಅಂದರೆ ಐದಕ್ಕೆ ಐದು.

ನನ್ನ ತಮ್ಮನ ಹೆಂಡತಿಗೆ ಆಗ ಐದು ತಿಂಗಳು. ಹತ್ತಿ ಬಿಡಿಸಲು ಕೂಲಿಗೆ ಹೋಗುವವಳು. ದವಡೆ ಹಲ್ಲು ಹುಳುಕಾಗಿ ಕೆನ್ನೆ ಊದಿತ್ತು. ಖಡಕ್ ರೊಟ್ಟಿ ಬಿಡಿ, ಮೆತ್ತನೆ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ ನುಂಗುತ್ತಿದ್ದಳು. ಹೊಟ್ಟೆಯಲ್ಲಿ ಮಗು ಇರುವಾಗ ಎರಡು ತುತ್ತು ಜಾಸ್ತಿ ತಿನ್ನಬೇಕಾದವಳು! ಮೊದಲು ಒಂದು ಖಾಸಗಿ ಕ್ಲಿನಿಕ್‌ಗೆ ಹೋದೆವು. ಬಸುರಿ ಅಂದ ಕೂಡಲೇ "ಹೆರಿಗೆ ಆದ ಮೇಲೆ ಬನ್ನಿ" ಅಂದರು, ಬಾಯಿ ತೆಗೆಸಿ ನೋಡಲೂ ಇಲ್ಲ. ಮನೆಯಲ್ಲಿ ನಮ್ಮ ಅವ್ವನದೂ ಅದೇ ಮಾತು. "ಹೊಟ್ಟ್ಯಾಗ ಕೂಸು ಇದ್ದಾಗ ಹಲ್ಲು ಕೀಳಿಸಬಾರದವ್ವ, ಲವಂಗ ಇಟ್ಕೊಂಡು ತಡ್ಕೋ." ಇನ್ನೂ ನಾಲ್ಕು ತಿಂಗಳು ತಡೆಯುವುದು ಹೇಗೆ?

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ತಾಯಿ ಕಾರ್ಡ್ ಕೇಳಿದರು, ಬಿಪಿ ನೋಡಿಸಿದರು, ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ನಿಧಾನಕ್ಕೆ ಹೇಳಿದರು. ನಾಲ್ಕರಿಂದ ಆರು ತಿಂಗಳ ಒಳಗೆ ಹಲ್ಲಿನ ಕೆಲಸ ಮಾಡಿಸಲು ಒಳ್ಳೆಯ ಕಾಲವಂತೆ. ಕೀವು, ಊತ ಇದ್ದರೆ ಯಾವ ತಿಂಗಳಾದರೂ ಕಾಯಬಾರದು, ಸೋಂಕನ್ನು ಹಾಗೇ ಬಿಡುವುದೇ ತಾಯಿಗೂ ಮಗುವಿಗೂ ಅಪಾಯ ಅಂದರು. ಹಲ್ಲು ಕೀಳುವಾಗ ಕೊಡುವ ಮರಗಟ್ಟುವ ಇಂಜೆಕ್ಷನ್ನಿಂದ ಭಯವಿಲ್ಲ, ಬೇಕಾದರೆ ಸೀಸದ ಏಪ್ರನ್ ಹಾಕಿ ಎಕ್ಸರೇನೂ ತೆಗೆಯಬಹುದು. ಭಯ ಇರುವುದು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವ ಮಾತ್ರೆಗಳಲ್ಲಿ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಐದು ತಿಂಗಳ ನಂತರ ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದು. ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಗುವಿನ ಹಲ್ಲಿನ ಬಣ್ಣವನ್ನೇ ಕೆಡಿಸುತ್ತದೆ. ಇವಳಿಗೆ ನೋವಿಗೆ ಪ್ಯಾರಾಸಿಟಮಾಲ್, ಸೋಂಕಿಗೆ ಅಮಾಕ್ಸಿಸಿಲಿನ್ ಕೊಟ್ಟು, ಊತ ಇಳಿದ ಮೇಲೆ ಕರೆಸಿ ಹಲ್ಲು ಕಿತ್ತರು. ಕುರ್ಚಿಯಲ್ಲಿ ಬಲಗಡೆ ಸೊಂಟದ ಕೆಳಗೆ ದಿಂಬು ಇಟ್ಟು ಎಡಕ್ಕೆ ವಾಲಿಸಿದ್ದರು. ಅಂಗಾತ ಮಲಗಿದರೆ ಹೊಟ್ಟೆಯ ಭಾರಕ್ಕೆ ರಕ್ತನಾಳ ಒತ್ತಿ ತಲೆ ಸುತ್ತುತ್ತದಂತೆ. ಇಷ್ಟು ಜೋಪಾನ ನಾನು ದುಡ್ಡು ಕೊಟ್ಟ ಕಡೆಯೂ ನೋಡಿಲ್ಲ.

ಕೂಸು ತಾಯಿಯ ಹಲ್ಲಿನ ಸುಣ್ಣ (ಕ್ಯಾಲ್ಸಿಯಂ) ಎಳೆದುಕೊಳ್ಳುತ್ತದೆ ಅನ್ನುವುದೂ ಸುಳ್ಳು. ಬಸುರಿಯಲ್ಲಿ ಹಾರ್ಮೋನ್ ಏರುಪೇರಿನಿಂದ ವಸಡು ಊದುತ್ತದೆ, ಉಜ್ಜಿದರೆ ರಕ್ತ ಬರುತ್ತದೆ. ರಕ್ತ ಬಂತು ಅಂತ ಉಜ್ಜುವುದನ್ನು ಬಿಟ್ಟರೆ ಇನ್ನೂ ಹದಗೆಡುತ್ತದೆ. ವಾಂತಿಯಾದ ಕೂಡಲೇ ಬ್ರಶ್ ಮಾಡಬಾರದು, ನೀರಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಡಬೇಕು.

ಖರ್ಚು? ಚೀಟಿ ಮಾಡಿಸಿದ್ದು ಅಷ್ಟೇ, ಮಾತ್ರೆ ಅಲ್ಲೇ ಸಿಕ್ಕಿತು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸೂ ಫ್ರೀ. ಹೋಗಿದ್ದು ಕೂಲಿ ದುಡ್ಡು, ಅದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಇನ್ನು ಎರಡು ಸ್ಟಾರ್ ಯಾಕೆ ಕಡಿಮೆ ಅಂದರೆ, ಒಂದು, ಅಲ್ಲಿ ರೂಟ್ ಕೆನಾಲ್ ಇಲ್ಲ. ಹಲ್ಲು ಉಳಿಸಬೇಕು ಅಂದರೆ ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೋ ರಾಯಚೂರಿನ ದಂತ ಕಾಲೇಜುಗಳಿಗೋ ಹೋಗಿ ಅನ್ನುತ್ತಾರೆ. ರೂಟ್ ಕೆನಾಲ್ ಅಂದರೆ ಒಂದೇ ಸಲಕ್ಕೆ ಮುಗಿಯುವುದೂ ಕಡಿಮೆ. ಹೊಟ್ಟೆ ಹೊತ್ತುಕೊಂಡು, ಕೂಲಿ ಬಿಟ್ಟು ಎಷ್ಟು ಸಲ ಓಡಾಡುತ್ತಾಳೆ? ಹಾಗಾಗಿ ಇವಳೂ ಕೀಳಿಸಿಕೊಂಡಳು. ಇಪ್ಪತ್ತಮೂರನೇ ವಯಸ್ಸಿಗೆ ಅಗಿಯುವ ಹಲ್ಲು ಹೋಯಿತು, ದುಡ್ಡಿದ್ದರೆ ಉಳಿಯುತ್ತಿತ್ತು. ಇದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಪ್ರತಿ ತಿಂಗಳು 9ನೇ ತಾರೀಕು ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಅದು ಇರುವುದೇ ನಾಲ್ಕನೇ ತಿಂಗಳಿಂದ ಮೇಲಿನವರಿಗೆ, ಹಲ್ಲಿನ ಕೆಲಸಕ್ಕೂ ಆಗಲೇ ಸರಿ, ಅಲ್ವಾ? ಇವಳೂ ಹೋಗಿದ್ದಳು. ತೂಕ, ಬಿಪಿ, ರಕ್ತ, ಮೂತ್ರ ಎಲ್ಲ ನೋಡಿದರು. ಊದಿದ ಕೆನ್ನೆ ಎದುರಿಗಿದ್ದರೂ "ಹಲ್ಲು ನೋವಾ?" ಅಂತ ಒಬ್ಬರೂ ಕೇಳಲಿಲ್ಲ. ಹಲ್ಲಿನ ವಿಭಾಗ ಅದೇ ಕಟ್ಟಡದಲ್ಲಿದೆ! ಆ ದಿನ ಬಂದವರನ್ನೆಲ್ಲ ಒಮ್ಮೆ ಅಲ್ಲಿಗೆ ಕಳಿಸಿದರೆ ಸಾಕು. ಮಾತೃಪೂರ್ಣ ಊಟಕ್ಕೆ ಅಂಗನವಾಡಿಗೆ ಬರುವವರನ್ನು ಟೀಚರ್, ಆಶಾ ಅಕ್ಕ ಸರಿಯಾಗಿ ಅಗಿಯಲು ಆಗುತ್ತಾ ಅಂತ ಕೇಳಬಹುದು. ಆಸ್ಪತ್ರೆಯವರಿಗೂ ಇದನ್ನು ಹೇಳಿ ಬಂದಿದ್ದೇನೆ.

ನೀವು ಹೋಗುವುದಾದರೆ ತಾಯಿ ಕಾರ್ಡ್, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಎರಡೂ ಒಯ್ಯಿರಿ. ಹಸಿದು ಹೋಗಬೇಡಿ, ಬೆಳಿಗ್ಗೆ ಬೇಗ ಹೋಗಿ. ಇರುವುದು ಒಂದೇ ಕುರ್ಚಿ. ಎಷ್ಟು ತಿಂಗಳು ಅಂತ ಚೀಟಿ ಕೊಡುವಲ್ಲೇ ಹೇಳಿ, ನಮ್ಮನ್ನು ಸಾಲಿನಲ್ಲಿ ನಿಲ್ಲಿಸದೆ ಮೊದಲು ಒಳಗೆ ಬಿಟ್ಟರು.