ಪಕ್ಕಪಕ್ಕದ ಎರಡು ಆರು: ಒಂದು ಸ್ಕೋರ್ ಆ್ಯಪ್ ಜೊತೆ ಆರು ವರ್ಷ

2019ರ ಕ್ರಿಕೆಟ್ ವಿಶ್ವಕಪ್ ಶುರುವಾಗುವ ವಾರ ಈ ಲೈವ್ ಸ್ಕೋರ್ ಆ್ಯಪ್ ಹಾಕಿಕೊಂಡೆ. ಆರು ವರ್ಷ ದಾಟಿತು. ಮಧ್ಯೆ ಎರಡು ಫೋನ್ ಬದಲಾದವು, ಆ್ಯಪ್ ಮಾತ್ರ ಅದೇ. ಮೊದಲ ವರ್ಷ ಪುಕ್ಕಟೆ ಬಳಸಿದೆ, ಆಮೇಲಿಂದ ವರ್ಷದ ಚಂದಾ ಕಟ್ಟುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ಒಳ್ಳೆಯದು ಕೆಟ್ಟದ್ದು ಎರಡೂ ಈ ಬಗೆಯ ಆ್ಯಪ್‌ಗಳಿಗೆಲ್ಲ ಹೆಚ್ಚುಕಡಿಮೆ ಸಲ್ಲುತ್ತವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸ್ಕೋರ್ ಎಷ್ಟಾಯ್ತು ಅಂತ ನೋಡಿ ಫೋನ್ ಜೇಬಿಗಿಡುವವರಿಗೆ ಯಾವ ಆ್ಯಪ್ ಆದರೂ ನಡೆಯುತ್ತದೆ. ನನ್ನಂಥವರಿಗೆ ಪಂದ್ಯ ಮುಗಿದ ಮೇಲೇ ಅಸಲಿ ಮಾತು ಶುರು. ಆ ಗೋಲು ಕೊಡಬೇಕಿತ್ತಾ, ಆ ರನ್ ಲೆಕ್ಕ ಸರಿಯಾ, ಇಬ್ಬರಲ್ಲಿ ಯಾರು ದೊಡ್ಡ ಆಟಗಾರ ಅಂತ ಗೆಳೆಯರ ಜೊತೆ ವಾರಗಟ್ಟಲೆ ವಾದ ನಡೆಯುತ್ತದೆ. ಆ ವಾದಕ್ಕೆ ಈ ಆ್ಯಪ್ ಎಷ್ಟು ಆಧಾರ ಕೊಡುತ್ತದೆ ಅನ್ನೋದನ್ನೇ ಇಟ್ಟುಕೊಂಡು ಅಳೆಯುತ್ತಿದ್ದೇನೆ.

ಹಾಕಿಕೊಂಡು ಎರಡು ತಿಂಗಳೂ ಆಗಿರಲಿಲ್ಲ, ಜುಲೈ 14 ಬಂತು. ಒಂದೇ ದಿನ, ಒಂದೇ ಊರಲ್ಲಿ, ಎರಡು ಫೈನಲ್. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್, ವಿಂಬಲ್ಡನ್‌ನಲ್ಲಿ ಜೊಕೊವಿಚ್ ಮತ್ತು ಫೆಡರರ್. ಟಿವಿಯಲ್ಲಿ ಟೆನಿಸ್ ಹಾಕಿ, ಕ್ರಿಕೆಟ್ಟನ್ನು ಫೋನಿನಲ್ಲಿ ಹಿಡಿದು ಕೂತಿದ್ದೆ. ಇಂಗ್ಲೆಂಡ್‌ಗೆ ಕೊನೇ ಓವರ್‌ನಲ್ಲಿ 15 ರನ್ ಬೇಕು. ಪರದೆಯ ಕೆಳಗೆ ಒಂದೊಂದು ಎಸೆತಕ್ಕೂ ಒಂದು ಸಣ್ಣ ದುಂಡು ಬೀಳುತ್ತದೆ. ಸೊನ್ನೆ. ಸೊನ್ನೆ. 6. ಮತ್ತೆ 6. ಎರಡು ನೇರಳೆ ದುಂಡು ಪಕ್ಕಪಕ್ಕ. ಇಂಗ್ಲೆಂಡ್‌ನ ಸ್ಟೋಕ್ಸ್ ಎರಡು ಸಿಕ್ಸರ್ ಬಾರಿಸಿದ ಅಂತಲೇ ತಿಳಿದುಕೊಂಡೆ. ಅರ್ಧ ನಿಮಿಷ ಬಿಟ್ಟು ಅದರಡಿ ಬರಹ ಬಂತು: ಎರಡು ಓಡಿದ್ದು, ನಾಲ್ಕು ಓವರ್‌ಥ್ರೋ. ನ್ಯೂಜಿಲೆಂಡ್ ಫೀಲ್ಡರ್ ಗಪ್ಟಿಲ್ ಎಸೆದ ಚೆಂಡು, ಕ್ರೀಸ್‌ಗೆ ಡೈವ್ ಹೊಡೆದ ಸ್ಟೋಕ್ಸ್ ಬ್ಯಾಟಿಗೆ ಬಡಿದು ಬೌಂಡರಿಗೆ ಹೋಗಿತ್ತು. 3 ಎಸೆತಕ್ಕೆ 9 ಬೇಕಿದ್ದದ್ದು 2 ಎಸೆತಕ್ಕೆ 3 ಆಯಿತು.

ಆ ಎರಡು ದುಂಡು ಇವತ್ತಿಗೂ ಆ್ಯಪ್‌ನಲ್ಲಿ ಹಾಗೇ ಇವೆ. 49.3 ಮತ್ತು 49.4, ಅಂದರೆ ಕೊನೇ ಓವರ್‌ನ ಮೂರನೇ ಮತ್ತು ನಾಲ್ಕನೇ ಎಸೆತ. ನೋಡಲು ಒಂದೇ ಥರ. ಮೊದಲನೆಯದು ಅಪ್ಪಟ ಸಿಕ್ಸರ್, ಅದರ ಬಗ್ಗೆ ತಕರಾರಿಲ್ಲ. ಎರಡನೆಯದರ ಬಗ್ಗೆ ಮಾತು ಇನ್ನೂ ನಿಂತಿಲ್ಲ. ಓವರ್‌ಥ್ರೋ ನಿಯಮ 19.8ರ ಪ್ರಕಾರ ಫೀಲ್ಡರ್ ಚೆಂಡು ಎಸೆದ ಹೊತ್ತಿಗೆ ಬ್ಯಾಟ್ಸ್‌ಮನ್‌ಗಳು ಒಬ್ಬರನ್ನೊಬ್ಬರು ದಾಟಿರಬೇಕು, ಆಗಲೇ ಆ ರನ್ ಲೆಕ್ಕಕ್ಕೆ. ಎರಡನೇ ರನ್‌ಗೆ ಅವರಿನ್ನೂ ದಾಟಿರಲಿಲ್ಲ. ಹಾಗಾಗಿ ಕೊಡಬೇಕಿದ್ದದ್ದು 5, ಮುಂದಿನ ಎಸೆತ ಎದುರಿಸಬೇಕಿದ್ದದ್ದು ಸ್ಟೋಕ್ಸ್ ಅಲ್ಲ, ಆದಿಲ್ ರಶೀದ್ ಅಂತ ಹೆಸರಾಂತ ಮಾಜಿ ಅಂಪೈರ್ ಸೈಮನ್ ಟಾಫೆಲ್ ಆಗಲೇ ಹೇಳಿದರು. ನಮ್ಮ ಗುಂಪಿನಲ್ಲಿ ಈ ವಾದ ಶುರುವಾದಾಗ ಎಸೆತದ ಬರಹ ತೆಗೆದು ಎಲ್ಲರ ಮುಂದಿಟ್ಟೆ. ಬರೀ ಸ್ಕೋರ್‌ಕಾರ್ಡ್ ಇದ್ದಿದ್ದರೆ ಆ ಮಾತು ಆಡೋಕೇ ಆಗುತ್ತಿರಲಿಲ್ಲ. ಎರಡೂ ತಂಡ 241, ಸೂಪರ್ ಓವರ್‌ನಲ್ಲೂ 15ಕ್ಕೆ 15, ಕೊನೆಗೆ ಬೌಂಡರಿ ಎಣಿಸಿ 26ಕ್ಕೆ 17ರಲ್ಲಿ ಇಂಗ್ಲೆಂಡ್‌ಗೆ ಕಪ್. ಆ ಬೌಂಡರಿ ಲೆಕ್ಕವನ್ನು ಐಸಿಸಿ ಅದೇ ಅಕ್ಟೋಬರ್‌ನಲ್ಲಿ ತೆಗೆದುಹಾಕಿತು. ತುಂಬಾ ಒಳ್ಳೆಯ ಕೆಲಸ ಮಾಡಿತು, ಆದರೆ ವಿಲಿಯಮ್ಸನ್ ನಾಯಕನಾಗಿದ್ದ ನ್ಯೂಜಿಲೆಂಡ್ ತಂಡದ ಮಟ್ಟಿಗೆ ಮೂರು ತಿಂಗಳು ತಡವಾಗಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದೇ ಸಂಜೆ ಟೆನಿಸ್‌ನ ಅಂಕಿಅಂಶ ಪುಟ ತೆರೆದೆ. ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ 204. ಏಸ್ (ಎದುರಾಳಿ ಮುಟ್ಟಲಾಗದ ಸರ್ವ್) 25ಕ್ಕೆ 10. ಗೆದ್ದಿದ್ದು ಮಾತ್ರ ಜೊಕೊವಿಚ್, 4 ಗಂಟೆ 57 ನಿಮಿಷ ಆಡಿ. ಸೆಟ್ ಸಮವಾದಾಗ ಅದನ್ನು ತೀರ್ಮಾನಿಸುವ ಟೈಬ್ರೇಕ್ ಮೂರು ನಡೆದವು, ಮೂರೂ ಅವನ ಪಾಲು. ಐದನೇ ಸೆಟ್‌ನಲ್ಲಿ 8-7 ಇದ್ದಾಗ ಫೆಡರರ್‌ಗೆ ಎರಡು ಚಾಂಪಿಯನ್‌ಶಿಪ್ ಪಾಯಿಂಟ್ (ಒಂದನ್ನು ಗೆದ್ದರೂ ಪ್ರಶಸ್ತಿ ಅವನದೇ) ಸಿಕ್ಕಿದ್ದವು, ಎರಡೂ ಕೈತಪ್ಪಿದವು. ಆ ಪಂದ್ಯದ ಪಾಯಿಂಟ್ ಪಟ್ಟಿಯನ್ನು ಮೊದಲಿಂದ ಕೊನೆತನಕ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಎಲ್ಲ ಪಾಯಿಂಟ್‌ಗೂ ಒಂದೇ ತೂಕ ಇಲ್ಲ ಅನ್ನೋದನ್ನ ನನಗೆ ಕಲಿಸಿದ್ದು ಆ ಪಟ್ಟಿಯೇ.

ಹಳೇ ಪಂದ್ಯಗಳ ವಿಭಾಗ ಚಂದಾದಾರರಿಗೆ ಮಾತ್ರ. ಅದಕ್ಕೋಸ್ಕರವೇ ನಾನು ದುಡ್ಡು ಕಟ್ಟೋದು. ಒಮ್ಮೆ ಗೆಳೆಯನೊಬ್ಬ 1992ರ ಕ್ರಿಕೆಟ್ ವಿಶ್ವಕಪ್ ಸೆಮಿಫೈನಲ್ ಮಾತು ಎತ್ತಿದ. ಸಿಡ್ನಿಯಲ್ಲಿ ಇಂಗ್ಲೆಂಡ್ ವಿರುದ್ಧ ದಕ್ಷಿಣ ಆಫ್ರಿಕಾಗೆ 13 ಎಸೆತಕ್ಕೆ 22 ಬೇಕಿತ್ತು, ಮಳೆ ಬಂತು, ವಾಪಸ್ ಬಂದರೆ ಒಂದೇ ಎಸೆತ.

"ಒಂದು ಎಸೆತಕ್ಕೆ 22 ಕಣೋ. ಸ್ಕೋರ್‌ಬೋರ್ಡ್ ಮೇಲೆ ಹಾಕಿದ್ರು, ಫೋಟೋ ಇದೆ."

"ಬೋರ್ಡ್ ಮೇಲೆ ಹಾಕಿದ್ದು ಹೌದು. ಬೇಕಿದ್ದಿದ್ದು 21."

ಅವನು ಒಪ್ಪಲಿಲ್ಲ. ಆ್ಯಪ್ ತೆಗೆದೆ. ಇಂಗ್ಲೆಂಡ್ 45 ಓವರ್‌ಗೆ 252. ದಕ್ಷಿಣ ಆಫ್ರಿಕಾ 43 ಓವರ್‌ಗೆ 232. ಫಲಿತಾಂಶ: ಇಂಗ್ಲೆಂಡ್‌ಗೆ 19 ರನ್ ಗೆಲುವು. ಮಳೆ ನಿಂತಾಗ ಸ್ಕೋರ್ 231, ಉಳಿದ ಒಂದೇ ಎಸೆತಕ್ಕೆ ಒಂದು ರನ್ ಬಂದು 232. 22 ಬೇಕಿದ್ದರೆ ಗೆಲುವಿಗೆ 253 ಆಗಬೇಕು, ಸೋಲು 20 ರನ್‌ನದ್ದು ಆಗಬೇಕು. 19 ಅಂದರೆ ಮಳೆಯ ನಿಯಮದಿಂದ ಗುರಿ ಒಂದು ರನ್ ಇಳಿದು 252 ಆಗಿತ್ತು, ಅಂದರೆ ಆ ಎಸೆತಕ್ಕೆ 21. ಅವನು ಫೋನ್ ಈಸಿಕೊಂಡು ತಾನೇ ಮೂರು ಸಲ ಕಳೆದು ನೋಡಿದ, ಆಮೇಲೆ ತಲೆಯಾಡಿಸಿದ. ಮೈದಾನದ ಬೋರ್ಡೇ ತಪ್ಪಿದ್ದಾಗ ಸ್ಕೋರ್‌ಕಾರ್ಡ್ ಸರಿ ಹೇಳಿತು. ಇಂಥ ಗಳಿಗೆಗೆ ಕೊಟ್ಟ ಚಂದಾ ಸಾರ್ಥಕ ಅನ್ನಿಸುತ್ತದೆ.

ಇನ್ನೊಂದು ಕಡೆ ಈ ಆ್ಯಪ್ ನಿಜಕ್ಕೂ ಗೆದ್ದಿತು. 2021ರ ಡಿಸೆಂಬರ್ 12, ಅಬುಧಾಬಿ ಫಾರ್ಮುಲಾ ಒನ್. ಹ್ಯಾಮಿಲ್ಟನ್ ಮುಂದೆ, ವೆರ್ಸ್ಟಾಪನ್ ಹಿಂದೆ ಹೊಸ ಟೈರ್ ಹಾಕಿಕೊಂಡು, ಇಬ್ಬರ ಮಧ್ಯೆ ಒಂದು ಸುತ್ತು ಹಿಂದುಳಿದ ಐದು ಕಾರು, ಟ್ರ್ಯಾಕ್‌ನಲ್ಲಿ ಸೇಫ್ಟಿ ಕಾರ್ (ಅಪಘಾತವಾದಾಗ ಎಲ್ಲರನ್ನೂ ತನ್ನ ಹಿಂದೆ ನಿಧಾನವಾಗಿ ಓಡಿಸುವ ಕಾರು). ರೇಸ್ ಕಂಟ್ರೋಲ್‌ನಿಂದ, ಅಂದರೆ ರೇಸ್ ನಡೆಸುವ ಅಧಿಕಾರಿಗಳಿಂದ ಬರುವ ಸಂದೇಶಗಳನ್ನು ಆ್ಯಪ್ ಸಮಯದ ಸಮೇತ ಸಾಲಾಗಿ ತೋರಿಸುತ್ತದೆ. ಮೊದಲು ಬಂದದ್ದು: ಹಿಂದುಳಿದ ಕಾರುಗಳಿಗೆ ಮುಂದೆ ಹೋಗಲು ಅನುಮತಿ ಇಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು: ಈ ಐದು ಕಾರು ಮುಂದೆ ಹೋಗಬಹುದು. ಹಿಂದುಳಿದಿದ್ದ ಬೇರೆ ಕಾರುಗಳಿಗೆ ಆ ಅನುಮತಿ ಸಿಗಲಿಲ್ಲ. ಮಧ್ಯದ ಐದು ಕಾರು ಸರಿದದ್ದರಿಂದ ಕೊನೇ ಸುತ್ತಿನಲ್ಲಿ ವೆರ್ಸ್ಟಾಪನ್ ಹ್ಯಾಮಿಲ್ಟನ್‌ನನ್ನು ದಾಟಿ ವಿಶ್ವ ಚಾಂಪಿಯನ್ ಆದ. ಮುಂದೆ 2022ರ ಮಾರ್ಚ್‌ನಲ್ಲಿ ಫಾರ್ಮುಲಾ ಒನ್ ನಿಯಂತ್ರಿಸುವ ಸಂಸ್ಥೆ ಎಫ್‌ಐಎ ವರದಿ ಅದನ್ನು ಮನುಷ್ಯ ಸಹಜ ತಪ್ಪು ಅಂತ ಕರೆಯಿತು, ಆದರೆ ಫಲಿತಾಂಶ ಹಾಗೇ ಉಳಿಯಿತು. ನೀವು ಯಾರ ಕಡೆಯವರೇ ಆಗಿರಿ, ಆ ಎರಡು ಸಂದೇಶ ಒಂದರ ಕೆಳಗೊಂದು ಇನ್ನೂ ಅಲ್ಲೇ ಇವೆ. ವಾದ ಮಾಡುವವರಿಗೆ ಬೇಕಿರೋದು ಇದೇ ಅಲ್ವಾ? ಏನು ಹೇಳಿದರು, ಯಾವಾಗ ಹೇಳಿದರು, ಆಮೇಲೆ ಹೇಗೆ ಬದಲಿಸಿದರು.

ಇದನ್ನು ಇಷ್ಟು ಚೆನ್ನಾಗಿ ಮಾಡಬಲ್ಲ ಆ್ಯಪ್ ಬೇರೆ ಆಟಗಳಲ್ಲಿ ಯಾಕೆ ಎಡವುತ್ತದೋ ನನಗೆ ಅರ್ಥವಾಗುವುದಿಲ್ಲ. ನನ್ನ ದೊಡ್ಡ ದೂರು ಇಲ್ಲಿದೆ. ಫಲಿತಾಂಶ ಬದಲಾದರೆ ಹಳೆಯದನ್ನು ಒರೆಸಿ ಹೊಸದನ್ನು ಬರೆದುಬಿಡುತ್ತದೆ. ಬದಲಾಯಿತು ಅನ್ನೋ ಗುರುತೇ ಇರುವುದಿಲ್ಲ.

ಅಕ್ಕನ ಮಗನಿಗೆ ಓಟದ ಹುಚ್ಚು. ಒಂದು ದಿನ ನನ್ನ ಫೋನ್ ಹಿಡಿದುಕೊಂಡು ಬಂದು, "ಮಾಮ, ಬೋಲ್ಟ್‌ಗೆ ಒಲಿಂಪಿಕ್ ಚಿನ್ನ ಒಂಬತ್ತಾ ಎಂಟಾ? ಪುಸ್ತಕದಲ್ಲಿ ಒಂಬತ್ತು ಅಂತಿದೆ, ಇದರಲ್ಲಿ ಎಂಟು" ಅಂದ. ಇಬ್ಬರೂ ಕೂತು 2008ರ ಬೀಜಿಂಗ್ 4x100 ರಿಲೇ ಪುಟ ತೆರೆದೆವು. ಮೊದಲ ಸ್ಥಾನ ಟ್ರಿನಿಡಾಡ್ ಮತ್ತು ಟೊಬ್ಯಾಗೊ, 38.06. ಜಮೈಕಾ ಹೆಸರೇ ಇಲ್ಲ. ಅವತ್ತು ಜಮೈಕಾ 37.10ರಲ್ಲಿ ಓಡಿ ವಿಶ್ವದಾಖಲೆ ಬರೆದದ್ದನ್ನು ಕಣ್ಣಾರೆ ನೋಡಿದವನು ನಾನು. ಬೋಲ್ಟ್ ಜೊತೆ ಆ ತಂಡದಲ್ಲಿ ಓಡಿದ್ದ ನೆಸ್ಟಾ ಕಾರ್ಟರ್ ಮಾದರಿಯನ್ನು ವರ್ಷಗಳಾದ ಮೇಲೆ ಮತ್ತೆ ಪರೀಕ್ಷಿಸಿ, ನಿಷೇಧಿತ ಮದ್ದು ಸಿಕ್ಕಿ, 2017ರ ಜನವರಿಯಲ್ಲಿ ಇಡೀ ತಂಡದ ಚಿನ್ನ ವಾಪಸ್ ಪಡೆದರು. ಅದು ಸರಿ, ನಿಯಮ ನಿಯಮವೇ. ಪುಟದಲ್ಲಿ ಒಂದು ಸಾಲು ಬರೆಯಬಾರದಾ? ನಾನು ಪಕ್ಕದಲ್ಲಿ ಇರದಿದ್ದರೆ ಆ ಹುಡುಗ ಪುಸ್ತಕವೇ ಸುಳ್ಳು ಅಂದುಕೊಳ್ಳುತ್ತಿದ್ದ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ ಕಥೆ ನನ್ನ ಕಣ್ಣೆದುರೇ ನಡೆಯಿತು. ಜಿಮ್ನಾಸ್ಟಿಕ್ಸ್, ಮಹಿಳೆಯರ ಫ್ಲೋರ್ ಫೈನಲ್. ಅಮೆರಿಕದ ಜೋರ್ಡನ್ ಚೈಲ್ಸ್‌ಗೆ 13.666, ಐದನೇ ಸ್ಥಾನ. ಕೋಚ್ ಆಕ್ಷೇಪ ಎತ್ತಿದರು, 13.766 ಆಯಿತು, ಕಂಚು. 13.700 ಗಳಿಸಿ ಆಗಲೇ ಧ್ವಜ ಹಿಡಿದು ಸಂಭ್ರಮಿಸುತ್ತಿದ್ದ ರೊಮೇನಿಯಾದ ಆನಾ ಬರ್ಬೊಸು ಅಳುತ್ತಾ ಹೊರಟಳು. ಕೆಲವು ದಿನಕ್ಕೆ ಕ್ರೀಡಾ ನ್ಯಾಯಮಂಡಳಿ, ಆಕ್ಷೇಪಕ್ಕೆ ಇದ್ದದ್ದು ಒಂದು ನಿಮಿಷ, ಇದು ನಾಲ್ಕು ಸೆಕೆಂಡ್ ತಡ ಅಂದಿತು. ಕಂಚು ಬರ್ಬೊಸುಗೆ ಹೋಯಿತು. ಚೈಲ್ಸ್ ಸ್ವಿಟ್ಜರ್ಲೆಂಡ್‌ನ ಕೋರ್ಟ್ ಮೆಟ್ಟಿಲು ಹತ್ತಿದರು. ನಾಲ್ಕು ಸೆಕೆಂಡ್, ಇಬ್ಬರು ಹುಡುಗಿಯರು, ಒಂದು ಪದಕ. ಇಷ್ಟೆಲ್ಲ ಆದರೂ ಆ್ಯಪ್ ಪುಟ ಪ್ರತಿ ಸಲ ಸದ್ದಿಲ್ಲದೆ ಮೂರನೇ ಹೆಸರು ಬದಲಿಸಿ ಸುಮ್ನೆ ಕೂತಿತು. ಸಹಾಯ ವಿಭಾಗಕ್ಕೆ ಉದ್ದವಾಗಿ ಬರೆದೆ. ಸಲಹೆ ಮುಂದೆ ಕಳಿಸುತ್ತೇವೆ ಅಂತ ಉತ್ತರ ಬಂತು. ಇವತ್ತಿನವರೆಗೂ ಏನೂ ಬದಲಾಗಿಲ್ಲ.

ಅದೇ ಪ್ಯಾರಿಸ್‌ನ 100 ಮೀಟರ್ ಪುರುಷರ ಫೈನಲ್‌ನಲ್ಲಿ ನೋವಾ ಲೈಲ್ಸ್ 9.79, ಕಿಶೇನ್ ಥಾಂಪ್ಸನ್ 9.79 ಅಂತಷ್ಟೇ ತೋರಿಸಿತು. "ಇಬ್ಬರದ್ದೂ ಒಂದೇ ಟೈಮ್ ಅಲ್ವಾ ಮಾಮ, ಮತ್ತೆ ಇವನೊಬ್ಬನಿಗೇ ಯಾಕೆ ಚಿನ್ನ?" ಅಂತ ಅದೇ ಹುಡುಗ. 9.784 ಮತ್ತು 9.789. ಆ ಮೂರನೇ ಅಂಕಿಯಲ್ಲೇ ಇತ್ತು ಇಡೀ ಓಟ. ಅದನ್ನು ಬೇರೆ ಕಡೆ ಹುಡುಕಿ ತೋರಿಸಬೇಕಾಯಿತು.

ನೋಟಿಫಿಕೇಶನ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ವೇಗ ಚೆನ್ನಾಗಿದೆ, ಕೆಲವೊಮ್ಮೆ ಅತಿ ಚೆನ್ನಾಗಿದೆ. 2022ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ, 118ನೇ ನಿಮಿಷ, ಎಂಬಾಪೆ ಪೆನಾಲ್ಟಿಗೆ ಚೆಂಡು ಇಡುತ್ತಿದ್ದ. ನಾನು ಇಂಟರ್ನೆಟ್‌ನಲ್ಲಿ ನೋಡುತ್ತಿದ್ದೆ, ಅದು ಒಂದಿಷ್ಟು ಸೆಕೆಂಡ್ ಹಿಂದೆ. ತೊಡೆಯ ಮೇಲಿದ್ದ ಫೋನ್ ನಡುಗಿತು: 3-3. ಆ ಒದೆತ ನೋಡುವ ಮೊದಲೇ ನನಗೆ ಗೊತ್ತಾಗಿಹೋಗಿತ್ತು. ಎಷ್ಟು ಬೇಜಾರಾಯಿತು ಅಂದರೆ, ಪೆನಾಲ್ಟಿ ಶೂಟೌಟ್ ಶುರುವಾಗುವ ಮೊದಲು ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬಂದೆ. ಅರ್ಜೆಂಟೀನಾ 4-2ರಲ್ಲಿ ಗೆದ್ದದ್ದನ್ನು ಪರದೆಯಲ್ಲೇ ನೋಡಿದೆ. ಈಗ ಸೆಟ್ಟಿಂಗ್ಸ್‌ನಲ್ಲಿ ಪಂದ್ಯಕ್ಕೊಂದರಂತೆ ನೋಟಿಫಿಕೇಶನ್ ನಿಲ್ಲಿಸುವ ಗುಂಡಿ ಕೊಟ್ಟಿದ್ದಾರೆ. ನೋಡುವ ಪಂದ್ಯಕ್ಕೆ ಅದನ್ನು ಒತ್ತಿ, ಉಳಿದದ್ದಕ್ಕೆ ಬಿಡಿ. ವಿಎಆರ್ (ವಿಡಿಯೋ ಪರಿಶೀಲನೆ) ನೋಡಿ ಗೋಲು ರದ್ದು ಮಾಡಿದಾಗ ಎರಡನೇ ನೋಟಿಫಿಕೇಶನ್ ತಪ್ಪದೆ ಬರುತ್ತದೆ, ಇದಕ್ಕೆ ಪೂರ್ತಿ ಅಂಕ.

ಪದಕ ಪಟ್ಟಿಯನ್ನು ಚಿನ್ನದ ಲೆಕ್ಕದಲ್ಲೂ ಒಟ್ಟು ಲೆಕ್ಕದಲ್ಲೂ ತಿರುಗಿಸಿ ನೋಡಬಹುದು. ಪ್ಯಾರಿಸ್‌ನಲ್ಲಿ ಅಮೆರಿಕ, ಚೀನಾ ಇಬ್ಬರಿಗೂ 40 ಚಿನ್ನ ಬಂದು, ಬೆಳ್ಳಿ 44ಕ್ಕೆ 27 ಅಂತ ಅಮೆರಿಕ ಮೇಲೆ ನಿಂತಾಗ ಇದು ಉಪಯೋಗಕ್ಕೆ ಬಂತು. ಬ್ಯಾಟರಿ ಪರವಾಗಿಲ್ಲ. ಪುಕ್ಕಟೆ ಆವೃತ್ತಿಯಲ್ಲಿ ಜಾಹೀರಾತು ಜಾಸ್ತಿ, ಎಸೆತದ ಬರಹ ಓದುವಾಗ ಮಧ್ಯೆ ಬಂದು ಕೂರುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕ್ರಿಕೆಟ್, ಟೆನಿಸ್, ರೇಸ್ ಹಿಂಬಾಲಿಸುವವರು ಕಣ್ಣುಮುಚ್ಚಿ ಚಂದಾ ಕಟ್ಟಬಹುದು. ಓಟ, ಜಿಮ್ನಾಸ್ಟಿಕ್ಸ್ ಮೇಲೆ ಪ್ರೀತಿ ಇರುವವರು ನನ್ನ ಹಾಗೆ ಮಾಡಿ: ಫಲಿತಾಂಶ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಕಳೆದ ತಿಂಗಳು ಚಂದಾ ಮತ್ತೆ ಕಟ್ಟಿದೆ, ಅದೇ ದಿನ ಫೋನಿನಲ್ಲಿರುವ ಆ ಫೋಲ್ಡರ್ ಅನ್ನು ಅಕ್ಕನ ಮಗನಿಗೆ ತೋರಿಸಿದೆ. ಪ್ಯಾರಿಸ್ ಫ್ಲೋರ್ ಫೈನಲ್‌ನದ್ದೇ ಮೂರು ಚಿತ್ರ. ಮೂರನೇ ಸಾಲಿನಲ್ಲಿ ಬರ್ಬೊಸು, ಆಮೇಲೆ ಚೈಲ್ಸ್, ಆಮೇಲೆ ಮತ್ತೆ ಬರ್ಬೊಸು. ಅವನು ಮೂರನ್ನೂ ಬೆರಳಿನಿಂದ ಹಿಂದೆ ಮುಂದೆ ಸರಿಸುತ್ತಾ ತುಂಬಾ ಹೊತ್ತು ನೋಡಿದ.